ಹಗಲಿನ ಹೆದರಿಕೆ

ಕಿರಿಮೇಸ್ತ್ರಿಗೆ ಹೆದರಿಕೆ ಹತ್ತಿಕೊಂಡದ್ದು ಕುರ್ಚಿ ಸಿಕ್ಕ ನಾಲ್ಕನೆಯ ತಿಂಗಳಲ್ಲಿ, ಒಂದು ಮಧ್ಯಾಹ್ನ, ಊಟದ ಡಬ್ಬಿಗೆ ಮುಚ್ಚಳ ಹಾಕುವಾಗ. ಎದುರಿಗೆ ವರದಿಗಳ ಕಟ್ಟಿತ್ತು. ಎಲ್ಲಕ್ಕೂ ಆಗಲೇ ಅವನ ರುಜು ಬಿದ್ದಿತ್ತು. ಮೇಲಿನ ಎಂಟು ಹಾಳೆಗಳ ಮೇಲೆ ಒಂದೇ ತಾರೀಖು, ಒಂದೇ ಕೈಬರಹ. ಎಂಟು ಕಟ್ಟಡ, ಎಂಟು ಲಿಫ್ಟು, ಒಂದು ದಿನ.

ಮುಚ್ಚಳ ಕೈಯಲ್ಲೇ ಉಳಿಯಿತು. ಲಿಫ್ಟಿನ ಹಗ್ಗ ಪರೀಕ್ಷೆ ಮಾಡುವವನು ದಿನಕ್ಕೆ ಮೂರು ನೋಡಿದರೆ ಗಟ್ಟಿಗ. ನಾಲ್ಕು ನೋಡಿದೆ ಅಂದರೆ ಬಡಾಯಿಗಾರ. ಎಂಟು ಅಂದವನನ್ನು ಏನೆನ್ನಬೇಕು? ಆ ಎಂಟಕ್ಕೂ ಕಣ್ಣುಮುಚ್ಚಿ ರುಜು ಹಾಕಿದ ತನ್ನನ್ನು?

ಅಣ್ಣತಮ್ಮಂದಿರಿಬ್ಬರೂ ಲಿಫ್ಟ್ ಕೆಲಸದವರು. ಅಣ್ಣ ಹಿರಿಮೇಸ್ತ್ರಿ, ಇವನು ಕಿರಿಮೇಸ್ತ್ರಿ. ಐವತ್ತನಾಲ್ಕು ತುಂಬಿ ಮೀಸೆ ಪೂರಾ ಬೆಳ್ಳಗಾದರೂ ಇವನು ಕಿರಿಯನೇ. ಹೋದ ವರ್ಷ ಅಣ್ಣ ತೀರಿಕೊಂಡ ಮೇಲೂ ಆ ಹೆಸರು ಬದಲಾಗಲಿಲ್ಲ. ಬದಲಾಗಲಿ ಎಂದು ಇವನೂ ಬಯಸಲಿಲ್ಲ. ಹಿರಿಯನೊಬ್ಬ ಇದ್ದ ಅನ್ನುವುದಕ್ಕೆ ಉಳಿದಿದ್ದ ಗುರುತು ಅದೊಂದೇ.

ಲಿಫ್ಟು ಏರಿಳಿಯುವ ಉದ್ದನೆಯ ಪೊಳ್ಳು ಜಾಗಕ್ಕೆ ಅವರ ಮಾತಿನಲ್ಲಿ ಬಾವಿ ಎಂದು ಹೆಸರು. ಬಾವಿಯ ನೆತ್ತಿಯ ಮೇಲೆ ಯಂತ್ರದ ಕೋಣೆ, ಅದರಲ್ಲಿ ಒಂದು ದೊಡ್ಡ ಚಕ್ರ, ಚಕ್ರದ ಮೇಲೆ ಹಾದು ಇಳಿಯುವ ನಾಲ್ಕು ಉಕ್ಕಿನ ಹಗ್ಗ. ಒಂದೊಂದು ಹಗ್ಗವೂ ನೂರಾರು ಸಣ್ಣ ತಂತಿಗಳ ಹೆಣಿಗೆ. ಹಗ್ಗ ಒಂದೇ ಸಲಕ್ಕೆ ಹರಿಯುವುದಿಲ್ಲ. ಮೊದಲು ಒಂದು ತಂತಿ ತುಂಡಾಗಿ ಕೂದಲಿನಷ್ಟು ಮುಳ್ಳು ಹೊರಗೆ ಚಾಚುತ್ತದೆ, ಆಮೇಲೆ ಇನ್ನೊಂದು. ಗ್ರೀಸು ಮೆತ್ತಿದ ಕರಿ ಹಗ್ಗದಲ್ಲಿ ಆ ಮುಳ್ಳು ಕಣ್ಣಿಗೆ ಕಾಣದು. ಅದಕ್ಕೇ ಚಿಂದಿ. ಲಿಫ್ಟನ್ನು ನಿಧಾನವಾಗಿ ಓಡಿಸುತ್ತ, ಹಳೆಯ ಹತ್ತಿಬಟ್ಟೆಯ ಚಿಂದಿಯನ್ನು ಹಗ್ಗಕ್ಕೆ ಸುತ್ತಿ ಹಗುರವಾಗಿ ಹಿಡಿಯಬೇಕು. ಒಳ್ಳೆಯ ಹಗ್ಗ ನುಣ್ಣಗೆ ಜಾರಿಹೋಗುತ್ತದೆ. ಕೆಟ್ಟ ಹಗ್ಗ ಬಟ್ಟೆಯ ನೂಲು ಕಿತ್ತುಕೊಳ್ಳುತ್ತದೆ. ನಾಲ್ಕು ಹಗ್ಗಕ್ಕೆ ನಾಲ್ಕು ಚಿಂದಿ. ಆ ನಾಲ್ಕನ್ನೂ ಗುಂಡುಸೂಜಿಯಿಂದ ವರದಿಗೆ ಚುಚ್ಚಿ ಕಚೇರಿಗೆ ಕಳಿಸುವುದು ಅವರ ಕಂಪನಿಯ ರೂಢಿ. ಆ ರೂಢಿ ಹಾಕಿದವನು ಅಣ್ಣ.

"ಬಾಯಿ ಸುಳ್ಳು ಹೇಳುತ್ತೆ, ಪೆನ್ನು ಇನ್ನೂ ಚೆನ್ನಾಗಿ ಹೇಳುತ್ತೆ. ಚಿಂದಿಗೆ ಮಾತ್ರ ಸುಳ್ಳು ಬರಲ್ಲ ಕಣೋ," ಅನ್ನುತ್ತಿದ್ದ.

ಹಾಗೆ ಬೇಕಾಗುವ ಚಿಂದಿಯನ್ನೆಲ್ಲ ಮೂವತ್ತು ವರ್ಷ ಒದಗಿಸಿದವರು ಅತ್ತಿಗೆ. ಸವೆದ ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಹಳೆಯ ಅಂಗಿಗಳನ್ನು ಅಂಗೈ ಅಗಲಕ್ಕೆ ಹರಿದು, ಇಪ್ಪತ್ತಕ್ಕೊಂದು ಕಟ್ಟು ಮಾಡಿ ಬಾಗಿಲ ಹಿಂದೆ ಇಡುತ್ತಿದ್ದರು. ಗಂಡ ಹೋದ ಮೇಲೂ ಹರಿಯುವುದನ್ನು ನಿಲ್ಲಿಸಲಿಲ್ಲ. ಅವನ ಅಂಗಿಗಳನ್ನೇ ಹರಿದರು.

ಇವನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ, ಒಂದು ಬಾವಿಯ ತಳದಲ್ಲಿ ನಿಂತು, ಅಣ್ಣ ಒಂದು ಪ್ರಶ್ನೆ ಕೇಳಿದ್ದ. "ಲೋ, ಅರವತ್ತಾದಾಗ ನಿನಗೇನು ಬೇಕು? ಈಗಲೇ ಹೇಳಿಬಿಡು. ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ಗುಂಡಿ ಒತ್ತಿದರೆ ಲಿಫ್ಟು ಯಾವ ಮಹಡೀಲಾದ್ರೂ ಬಾಗಿಲು ತೆಗೆಯುತ್ತೆ."

ಇವನು ಯೋಚಿಸದೆ ಹೇಳಿದ. "ತಲೆ ಇಟ್ಟ ಕೂಡಲೇ ನಿದ್ದೆ ಬರಬೇಕಣ್ಣ."

ಅವರ ಅಪ್ಪ ಲಾರಿ ಓಡಿಸುತ್ತಿದ್ದವನು. ಒಂದು ದಿನ ರಸ್ತೆಯ ತಿರುವಿನಲ್ಲಿ ಯಾರಿಗೋ ಲಾರಿ ತಗುಲಿತು. ತಪ್ಪು ಅವನದಲ್ಲವೆಂದು ಎಲ್ಲರೂ ಹೇಳಿದರು. ಆದರೂ ಉಳಿದ ಹನ್ನೊಂದು ವರ್ಷ ಅವನು ಹಾಸಿಗೆಯ ಮೇಲೆ ಕುಳಿತೇ ಬೆಳಗು ಮಾಡಿದ. ಅದನ್ನು ಕಂಡು ಬೆಳೆದ ಮಕ್ಕಳಿಗೆ ನಿದ್ದೆಗಿಂತ ದೊಡ್ಡ ಆಸ್ತಿ ಕಾಣಲಿಲ್ಲ.

ಅಣ್ಣ ಅಂದ, "ಹಾಗಾದ್ರೆ ಹಗಲು ಹೆದರು. ಹೆದರಿಕೆ ಅನ್ನೋದನ್ನ ದೇವರು ಮನುಷ್ಯನಿಗೆ ದಿನಕ್ಕಿಷ್ಟು ಅಂತ ಅಳೆದು ಕೊಟ್ಟಿದಾನೆ. ಹಗಲೆಲ್ಲ ಹೆದರಿದೋನಿಗೆ ರಾತ್ರಿಗೆ ಮಿಗಲ್ಲ."

ಅಣ್ಣ ಹಾಗೆಯೇ ಬದುಕಿದ. ಪ್ರತಿ ಹಗ್ಗದ ಮುಂದೂ ಹೊಸಬನಂತೆ ಹೆದರಿ, ಪ್ರತಿ ರಾತ್ರಿಯೂ ಕೂಸಿನಂತೆ ಮಲಗಿದ. ಕೊನೆಗೆ ಒಂದು ಮಧ್ಯಾಹ್ನ ಉಂಡು, ದೇವರ ಹೆಸರು ಹೇಳಿ ಮಗ್ಗುಲಾದವನು ಏಳಲಿಲ್ಲ. ಮುಖದ ಮೇಲೆ ಭಯದ ಒಂದು ಗೆರೆ ಕೂಡ ಇರಲಿಲ್ಲ.

ಅಣ್ಣ ಹೋದ ಮೇಲೆ ಬಾವಿಗೆ ಇಳಿಯುವಾಗೆಲ್ಲ ಕಿರಿಮೇಸ್ತ್ರಿಗೆ ಮೇಲಿನಿಂದ ಕೂಗಿ ಎಚ್ಚರಿಸುವವರಿಲ್ಲ ಅನ್ನಿಸತೊಡಗಿತು. ಅದೇ ಹೊತ್ತಿಗೆ ಕಚೇರಿಯಲ್ಲಿ ಮುಖ್ಯ ಪರೀಕ್ಷಕನ ಜಾಗ ತೆರವಾಯಿತು. ಬಾವಿ ಹತ್ತಿಳಿಯುವ ಕೆಲಸವಿಲ್ಲ. ವರದಿ ಓದಿ ರುಜು ಹಾಕುವುದು. ಹೆಂಡತಿ ಹಿಡಿದ ಪಟ್ಟು ಬಿಡಲಿಲ್ಲ.

"ರೀ, ಅರ್ಜಿ ಹಾಕ್ತೀರೋ ನಾನೇ ಹೋಗಿ ಹಾಕಲೋ? ದಿನಾ ಸಾಯಂಕಾಲ ನಿಮ್ಮ ಚಪ್ಪಲಿ ಸದ್ದು ಕೇಳೋ ತನಕ ನನ್ನ ಜೀವ ಬಾಯಲ್ಲಿರುತ್ತೆ. ಗಾಳಿಗೆ ಬಾಗಿಲು ಹೊಡೆದ್ರೂ ಎದ್ದು ಕೂರ್ತೀನಿ."

"ಕುರ್ಚಿ ಮೇಲೆ ಕೂತು ಕೂತು ನಾನೇ ಕುರ್ಚಿ ಆಗ್ತೀನಿ ಕಣೆ."

"ಆಗಿ. ಧೂಳು ಒರೆಸೋಕೆ ನಾನಿದೀನಿ."

ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಹತ್ತು ವರ್ಷಗಳ ನಂತರ ನೀವು ಎಲ್ಲಿರಲು ಬಯಸುತ್ತೀರಿ? ಅಣ್ಣ ಕೇಳಿದ್ದೂ ಅದನ್ನೇ. ಆದರೆ ಅಂದು ಕೊಟ್ಟ ಉತ್ತರವನ್ನು ಅಚ್ಚಾದ ಹಾಳೆಯ ಮೇಲೆ ಬರೆಯಲು ನಾಚಿಕೆಯಾಗಿ, "ಕಂಪನಿಯ ಉನ್ನತ ಸ್ಥಾನದಲ್ಲಿ" ಎಂದು ಬರೆದುಕೊಟ್ಟ. ಕುರ್ಚಿ ಸಿಕ್ಕಿತು.

ಮೊದಲ ತಿಂಗಳಲ್ಲೇ ಮ್ಯಾನೇಜರ್ ಮೇಡಂ ಕರೆದರು. ಒಳ್ಳೆಯ ಹೆಣ್ಣುಮಗಳು, ಯಾರಿಗೂ ಗದರಿದವರಲ್ಲ. "ಮೇಸ್ತ್ರಿಗಳೇ, ಈ ಎಣ್ಣೆ ಬಟ್ಟೆಗಳಿಂದ ಕಡತ ಎಲ್ಲಾ ಜಿಡ್ಡು. ಕಪಾಟಿನಲ್ಲಿ ಇಲಿ ಸೇರ್ಕೊಂಡಿದೆ. ಏನಾದ್ರೂ ದಾರಿ ಇದ್ರೆ ಹೇಳಿ."

ಅವರು ದಾರಿಯನ್ನಷ್ಟೇ ಕೇಳಿದ್ದರು. ಹೊಸ ಅಂಗಿ, ಹೊಸ ಕುರ್ಚಿ, ತನ್ನನ್ನು ಕೇಳುವವರೂ ಇದ್ದಾರೆ ಅನ್ನುವ ಹಿಗ್ಗು. ಬಾಯಿ ತಾನಾಗಿ ಆಡಿಬಿಟ್ಟಿತು. "ಚಿಂದಿ ಯಾಕೆ ಮೇಡಂ? ವರದೀಲಿ ನಾಲ್ಕು ಚೌಕ ಹಾಕಿಸಿಬಿಡಿ. ಹಗ್ಗ ನೋಡಿದೋರು ಸರಿ ಗುರುತು ಹಾಕಿ ಕಳಿಸ್ತಾರೆ."

"ನೋಡಿ, ಇಂಥ ತಲೆ ಬೇಕಿತ್ತು ನಮಗೆ!"

ಆ ದಿನ ನೆಲದ ಮೇಲೆ ಕಾಲಿಡದೆ ಮನೆಗೆ ಬಂದ. ಬಾಗಿಲ ಹಿಂದೆ ಚಿಂದಿಯ ಕಟ್ಟಿತ್ತು. ಅತ್ತಿಗೆ, "ತಗೊಂಡು ಹೋಗಪ್ಪಾ, ಇದು ಅವರ ನೀಲಿ ಅಂಗಿ. ಮೆತ್ತಗಿದೆ, ಚೆನ್ನಾಗಿ ಹಿಡಿಯುತ್ತೆ," ಅಂದರು. ಇನ್ನು ಬೇಡ ಅನ್ನಲು ನಾಲಿಗೆ ಏಳಲಿಲ್ಲ. ತೆಗೆದುಕೊಂಡು ಹೋಗಿ ಮೇಜಿನ ಕೆಳಗಿನ ಡ್ರಾಯರಿಗೆ ಹಾಕಿದ. ವಾರಕ್ಕೊಂದು ಕಟ್ಟು. ನಾಲ್ಕು ತಿಂಗಳಲ್ಲಿ ಡ್ರಾಯರು ಮುಚ್ಚಲಾರದಷ್ಟು ತುಂಬಿತು. ನಿದ್ದೆ ಮಾತ್ರ ದಿನದಿಂದ ದಿನಕ್ಕೆ ತೆಳ್ಳಗಾಗುತ್ತ ಬಂತು. ಯಾಕೆಂದು ತಿಳಿಯದೆ ಅವನು ವಯಸ್ಸಿನ ಮೇಲೆ ಹಾಕಿದ್ದ.

ಈಗ ತಿಳಿಯಿತು. ಡಬ್ಬಿಯನ್ನು ಅಲ್ಲೇ ಬಿಟ್ಟು, ಡ್ರಾಯರಿನಿಂದ ನೀಲಿ ಅಂಗಿಯ ಕಟ್ಟನ್ನು ಎಳೆದುಕೊಂಡು ಎದ್ದ. ಮೇಲಿನ ಹಾಳೆ ಒಂದು ಕಣ್ಣಿನ ಆಸ್ಪತ್ರೆಯದು. ಆರು ಮಹಡಿ, ಒಂದೇ ಲಿಫ್ಟು. ಪರೀಕ್ಷೆ ಮಾಡಿದವನು ಏಣಿ. ಏಣಿ ಅಂದರೆ ಅವನ ಮೂವತ್ತು ವರ್ಷದ ಜೊತೆಗಾರ. ಆರಡಿ ದಾಟಿದ ಆಸಾಮಿಗೆ ಅಣ್ಣನೇ ಇಟ್ಟ ಅಡ್ಡಹೆಸರು.

ಆಸ್ಪತ್ರೆಯ ಕೆಳಗಿನ ಹಜಾರದಲ್ಲಿ ಲಿಫ್ಟಿಗಾಗಿ ಸಾಲು ನಿಂತಿತ್ತು. ಎಲ್ಲರೂ ಮುದುಕರು, ಒಬ್ಬೊಬ್ಬರ ಒಂದು ಕಣ್ಣಿಗೆ ಹತ್ತಿಯ ಪಟ್ಟಿ. ಮುಂದಿನವರ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಕಿರಿಮೇಸ್ತ್ರಿ ಅವರತ್ತ ನೋಡಲಾರದೆ ಕಾವಲುಗಾರನ ಹತ್ತಿರ ಯಂತ್ರದ ಕೋಣೆಯ ಬೀಗದ ಕೈ ಕೇಳಿದ.

ಕಾವಲುಗಾರ ಗೂಡಿನಲ್ಲಿ ತಡಕಾಡಿದ. "ಕೇಳೋರಿಲ್ಲದೆ ಎಲ್ಲಿಟ್ಟಿದೀನೋ ಮರೆತೇಹೋಗಿದೆ ಸ್ವಾಮಿ."

"ಯಾಕೆ, ಹೋದ ವಾರ ನಮ್ಮೋರು ಬಂದಿರಲಿಲ್ವಾ?"

"ಉದ್ದನೆಯೋರು ತಾನೆ? ಬಂದಿದ್ರು. ಇಲ್ಲೇ ಬೆಂಚಿನ ಮೇಲೆ ಕೂತು ಬರ್ಕೊಂಡು, ನೀರು ಕುಡಿದು ಹೋದ್ರು. ಮಂಡಿ ನೋವಂತೆ, ಪಾಪ."

ಕೊನೆಗೆ ಬೀಗದ ಕೈ ಸಿಕ್ಕಿತು. ಕಿರಿಮೇಸ್ತ್ರಿ ಅದನ್ನು ಕಸಿದುಕೊಂಡು ಮೆಟ್ಟಿಲು ಹತ್ತಿದ. ಯಂತ್ರದ ಕೋಣೆಯ ಬೀಗಕ್ಕೆ ಜೇಡ ಬಲೆ ನೇಯ್ದಿತ್ತು.

ಒಳಗೆ ಕಾಲಿಟ್ಟಾಗ ಚಕ್ರ ತಿರುಗುತ್ತಿತ್ತು. ಲಿಫ್ಟು ಮೇಲೆ ಬರುತ್ತಿತ್ತು, ಜನ ತುಂಬಿದ್ದರು. ಮೂರನೆಯ ಹಗ್ಗ ಚಕ್ರದ ಮೇಲೆ ಹಾಯುವಾಗ ಸಣ್ಣದೊಂದು ಟಿಕ್ ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು ಟಿಕ್. ಹೊರಗಿನವರಿಗೆ ಅದು ಕೇಳಿಸದು. ಮೂವತ್ತು ವರ್ಷ ಅದನ್ನೇ ಆಲಿಸಿದವನ ಕಿವಿಗೆ ಅದು ಕಪಾಳಕ್ಕೆ ಹೊಡೆದಂತಿತ್ತು.

ಕೈ ವಿದ್ಯುತ್ತಿನ ಗುಂಡಿಯತ್ತ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಈಗ ನಿಲ್ಲಿಸಿದರೆ ಲಿಫ್ಟು ಬಾವಿಯ ನಡುವೆ ಗಕ್ಕನೆ ನಿಲ್ಲುತ್ತದೆ, ಆ ಎಳೆತ ಹಗ್ಗದ ಮೇಲೆಯೇ ಬೀಳುತ್ತದೆ. ಅದು ಮಹಡಿ ಮುಟ್ಟಿ ಬಾಗಿಲು ತೆರೆಯುವವರೆಗೂ ಕಾಯಬೇಕು.

ಹಗ್ಗ ಇಳಿಯುವ ಕಿಂಡಿಯಿಂದ ಬಾವಿಯೊಳಗಿನ ಮಾತು ಮೇಲಕ್ಕೆ ಬರುತ್ತಿತ್ತು. ಒಬ್ಬ ಮುದುಕಿಯ ದನಿ: "ನಾಳೆ ಪಟ್ಟಿ ಬಿಚ್ಚಿದ ಕೂಡಲೇ ಮೊದಲು ನಿಮ್ಮ ಮುಖಾನೇ ನೋಡ್ಬೇಕಾ?"

ಒಬ್ಬ ಮುದುಕನ ದನಿ: "ನಲವತ್ತು ವರ್ಷ ನೋಡಿ ನೋಡೀನೇ ಅಲ್ವೇನೆ ನಿನ್ನ ಕಣ್ಣು ಹೋಗಿದ್ದು?"

ಎಲ್ಲರೂ ನಕ್ಕರು. ಟಿಕ್. ನಗು ಮೇಲೆ ಬರುತ್ತಿತ್ತು. ಟಿಕ್. ಲಿಫ್ಟು ಕಳಚಿ ಬೀಳುವುದು ಸಿನಿಮಾದಲ್ಲಿ ಎಂಬುದು ಕಿರಿಮೇಸ್ತ್ರಿಗೆ ಗೊತ್ತಿತ್ತು. ಒಂದು ಹಗ್ಗ ಹರಿದರೆ ಉಳಿದ ಮೂರು ಹಿಡಿಯುತ್ತವೆ, ಮೂರೂ ಹೋದರೆ ಕೆಳಗೆ, ಬೀಳುವ ಲಿಫ್ಟನ್ನು ಕಂಬಿಗೆ ಕಚ್ಚಿ ನಿಲ್ಲಿಸುವ ಹಿಡಿಗಟ್ಟಿ ಇದೆ. ಆದರೆ ಒಂದು ಹಗ್ಗವನ್ನು ತಿಂದ ಚಕ್ರ ಉಳಿದವನ್ನೂ ತಿನ್ನುತ್ತಿರುತ್ತದೆ. ಕೆಳಗಿನ ಹಿಡಿಗಟ್ಟಿಯನ್ನಾದರೂ ಯಾರು ನೋಡಿದ್ದಾರೆ? ಅದಕ್ಕೂ ಒಂದು ಚೌಕ, ಒಂದು ಸರಿ ಗುರುತು. ಕೆಳಗೆ ತನ್ನ ರುಜು. "ಭಗವಂತ, ಇದೊಂದು ಸಲ," ಅಂದ. ಮುಂದೆ ಏನು ಹರಕೆ ಹೇಳಬೇಕೋ ತೋಚಲಿಲ್ಲ. ಅಪ್ಪ ಹಾಸಿಗೆಯ ಮೇಲೆ ಕುಳಿತಿದ್ದ ಬಗೆ ಕಣ್ಣ ಮುಂದೆ ಬಂತು: ಬೆನ್ನು ಗೋಡೆಗೆ, ಮಂಡಿ ಎದೆಗೆ, ಕಣ್ಣು ಬಾಗಿಲಿಗೆ.

ಲಿಫ್ಟು ನಿಂತಿತು. ಬಾಗಿಲು ಸರಿದ ಸದ್ದು. ಹೆಜ್ಜೆಗಳು ಒಂದೊಂದೇ ಹೊರಗೆ ಹೋದವು. ಎಣಿಸಿದ, ಏಳು ಜನ. ಗುಂಡಿ ಒತ್ತಿದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಕೆಳಗೆ ಹೋಗಿ ಕಾವಲುಗಾರನನ್ನು ಬಾಗಿಲ ಮುಂದೆ ನಿಲ್ಲಿಸಿ, ಮತ್ತೆ ಮೇಲೆ ಬಂದು, ಖಾಲಿ ಲಿಫ್ಟನ್ನು ನಿಧಾನವಾಗಿ ಇಳಿಸುತ್ತ ಚಿಂದಿ ಹಿಡಿದ. ಮೊದಲ ಹಗ್ಗ ಜಾರಿತು. ಎರಡನೆಯದೂ ಜಾರಿತು. ಮೂರನೆಯದು ನೀಲಿ ಬಟ್ಟೆಯನ್ನು ಬೆರಳ ನಡುವಿನಿಂದ ಹರಿದುಕೊಂಡೇ ಹೋಯಿತು. ಒಂದು ಗೇಣಿನೊಳಗೆ ಒಂಬತ್ತು ಮುಳ್ಳು ಎಣಿಸಿ ಬಿಟ್ಟ. ನಾಲ್ಕನೆಯದಕ್ಕೂ ನೂಲು ಸಿಕ್ಕಿಕೊಂಡಿತ್ತು.

ಫೋನು ಮಾಡಿದ ಮೇಲೆ ಏಣಿ ಬಂದ. ಹಜಾರದ ಬೆಂಚಿನ ಮೇಲೆ ಕಾಲು ನೀಡಿ ಕುಳಿತ. ಹರಿದ ಚಿಂದಿಯನ್ನು ಕಿರಿಮೇಸ್ತ್ರಿ ಅವನ ತೊಡೆಯ ಮೇಲೆ ಹಾಕಿದ.

"ಏನೋ ಇದು?"

ಏಣಿ ಅದನ್ನು ಮುಟ್ಟಲಿಲ್ಲ. ಮಂಡಿ ಒತ್ತಿಕೊಳ್ಳುತ್ತ, "ಆರು ಮಹಡಿ ಹತ್ತೋಕಾಗಲ್ಲ ಕಣೋ ಕಿರಿ. ಮಂಡಿ ಹೋಗಿ ಎರಡು ವರ್ಷ ಆಯ್ತು," ಅಂದ.

"ಮುಂಚೆ ಹತ್ತುತ್ತಿದ್ದೆಯಲ್ಲ!"

"ಮುಂಚೆ ಚಿಂದಿ ಕೊಡಬೇಕಿತ್ತು. ತೆವಳಿಕೊಂಡಾದ್ರೂ ಹೋಗ್ತಿದ್ದೆ. ನೀನು ಬಂದು ಚಿಂದಿ ಬೇಡ, ಗುರುತು ಸಾಕು ಅಂದೆ. ಪಾಪ, ನಮ್ಮ ಕಿರಿಗೆ ನನ್ನ ಮಂಡಿ ಗೊತ್ತು, ಬಾಯಿಬಿಟ್ಟು ಹೇಳಲಾರದೆ ಹೀಗೆ ಮಾಡಿದಾನೆ ಅಂದ್ಕೊಂಡೆ." ತಲೆಯೆತ್ತಿ ಇವನ ಮುಖ ನೋಡಿದ. "ಅಲ್ವಾ? ಅದಕ್ಕಲ್ವಾ ನೀನು ಮಾಡಿದ್ದು?"

ಕಿರಿಮೇಸ್ತ್ರಿ ಬೈಯಬೇಕೆಂದು ಕೂಡಿಸಿಟ್ಟುಕೊಂಡ ಮಾತೆಲ್ಲ ತನ್ನ ಕಡೆಗೇ ತಿರುಗಿ ನಿಂತಿತು. "ನೀನೊಬ್ಬನೇನಾ, ಬೇರೆಯವರೂನಾ?" ಎಂದಷ್ಟೇ ಕೇಳಿದ.

"ನನಗೆ ಮಂಡಿ. ಇನ್ನೊಬ್ಬನಿಗೆ ಅವಸರ. ಮತ್ತೊಬ್ಬನಿಗೆ ಸೋಮಾರಿತನ. ನೀನೇ ಲೆಕ್ಕ ಹಾಕ್ಕೋ."

ಕಂಪನಿಯ ಕೈಯಲ್ಲಿದ್ದದ್ದು ಇನ್ನೂರ ಹನ್ನೆರಡು ಲಿಫ್ಟು.

ಕಚೇರಿಗೆ ಹೋಗುವ ದಾರಿಯಲ್ಲಿ ಮನಸ್ಸು ಇಲಿಯ ಹಾಗೆ ಎಲ್ಲ ಸಂದನ್ನೂ ಹುಡುಕಿತು. ಆಸ್ಪತ್ರೆಯದನ್ನು ಸದ್ದಿಲ್ಲದೆ ಸರಿಪಡಿಸಿ, ಉಳಿದವನ್ನು ಮುಂದಿನ ಸರದಿಯಲ್ಲಿ ನೋಡಿಕೊಂಡರೆ? ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಕುರ್ಚಿ ಉಳಿಯುತ್ತದೆ, ಏಣಿ ಉಳಿಯುತ್ತಾನೆ, ಹೆಂಡತಿಗೆ ಏನೂ ತಿಳಿಯುವುದಿಲ್ಲ. ದಾರಿಯ ಎರಡೂ ಕಡೆ ಎತ್ತರದ ಕಟ್ಟಡಗಳು. ಪ್ರತಿ ಕಟ್ಟಡದೊಳಗೂ ಈ ಗಳಿಗೆಯಲ್ಲಿ ಒಂದು ಚಕ್ರ ತಿರುಗುತ್ತಿದೆ, ಯಾರೋ ನಗುತ್ತ ಮೇಲೆ ಹೋಗುತ್ತಿದ್ದಾರೆ. ಒಂದರ ಬಾಗಿಲಿನಿಂದ ಹೆಂಗಸೊಬ್ಬಳು ಕೂಸನ್ನೆತ್ತಿಕೊಂಡು ಹೊರಬಂದಳು. ಅದು ಯಾರ ವರದಿ, ಯಾವ ತಾರೀಖು ಎಂದು ನೆನೆಯುತ್ತ ಕಿರಿಮೇಸ್ತ್ರಿ ರಸ್ತೆಯ ನಡುವೆ ನಿಂತುಬಿಟ್ಟ. ಕಾರಿನವನೊಬ್ಬ ಬೈದುಕೊಂಡು ಹೋದ.

ಮೇಡಂ ಚಿಂದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಅವರ ಮುಖವೂ ಬಿಳಿಚಿತು. "ಎಲ್ಲಾ ನಿಲ್ಲಿಸಬೇಕು ಅಂತೀರಾ?"

"ಎಲ್ಲಾ ಮೇಡಂ. ಚಿಂದಿ ಹಿಡಿದು ನೋಡೋ ತನಕ ಒಂದೂ ಓಡಕೂಡದು."

"ನಿಲ್ಲಿಸೋಕೆ ಕಾರಣ ಬರೀಬೇಕಾಗುತ್ತೆ."

"ಬರೀತೀನಿ. ನೋಡದೆ ರುಜು ಹಾಕಿದೆ ಅಂತ. ಚಿಂದಿ ತೆಗೆಸಿದ್ದೂ ನಾನೇ ಅಂತ."

"ಹಾಗೆ ಬರೆದ್ರೆ ನಿಮ್ಮನ್ನ ಈ ಜಾಗದಲ್ಲಿ ಉಳಿಸಿಕೊಳ್ಳೋಕೆ ನನ್ನ ಕೈಲಾಗಲ್ಲ, ಮೇಸ್ತ್ರಿಗಳೇ. ಕೆಲಸಾನೇ ಹೋಗಬಹುದು. ಯೋಚನೆ ಮಾಡಿ. ನೀವು ಕೂಡ ಏನೇನೋ ಅಂದ್ಕೊಂಡು ಬಂದಿದ್ರಿ, ಅಲ್ವಾ? ಅರ್ಜೀಲಿ ಬರೆದಿದ್ರಿ."

"ಅರ್ಜೀಲಿ ಸುಳ್ಳು ಬರೆದಿದ್ದೆ ಮೇಡಂ," ಅಂದ ಕಿರಿಮೇಸ್ತ್ರಿ. ಎರಡು ಸಲ ಹಾಳೆ ಕೆಟ್ಟಿತು. ಮೂರನೆಯದರಲ್ಲಿ ಬರೆದುಕೊಟ್ಟ. ಏಣಿಯ ಹೆಸರು ಬರೆಯಲಿಲ್ಲ. ನಾಳೆ ಕೇಳಿದರೆ ಹೇಳಲೇಬೇಕಾಗುತ್ತದೆ ಎಂಬ ಇನ್ನೊಂದು ಅಳುಕು ಎದೆಯಲ್ಲಿ ಕೂತಿತು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ ಗೋಡೆಗೆ ಒರಗಿದಳು. "ಹಾಗಾದ್ರೆ ಮತ್ತೆ ಬಾವಿಗೆ ಇಳೀತೀರಾ."

"ಇಳಿಯೋಕೆ ಬಿಟ್ಟರೆ."

"ಮತ್ತೆ ಚಪ್ಪಲಿ ಸದ್ದು ಕಾಯ್ಕೊಂಡು ಕೂತಿರಬೇಕು ನಾನು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಬೇಡ ಅನ್ನಲಿಲ್ಲ.

ಅತ್ತಿಗೆಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವರು ಕತ್ತರಿ ಹಿಡಿದು ದಿಂಬಿನ ಚೀಲವೊಂದರ ಹೊಲಿಗೆ ಬಿಚ್ಚುತ್ತಿದ್ದರು. ಡ್ರಾಯರಿನ ವಿಷಯ ಹೇಳಿದಾಗ ಕೈ ನಿಂತಿತು.

"ಅವರ ನೀಲಿ ಅಂಗಿ? ಅದನ್ನೂ ಅಲ್ಲೇ ಹಾಕಿದ್ಯಾ?"

"ಹಾಕಿದ್ದೆ ಅತ್ತಿಗೆ. ಇವತ್ತು ಅದೇ ಕೈಗೆ ಬಂತು. ಮೂರನೇ ಹಗ್ಗದಲ್ಲಿ ಹರಿದುಹೋಯ್ತು."

ಅತ್ತಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದರು. ಆಮೇಲೆ ಚೀಲವನ್ನು ಚರ್ರನೆ ಹರಿದು, "ಎಷ್ಟು ಬೇಕು?" ಅಂದರು.

"ಒಟ್ಟು ಎಂಟುನೂರ ಚಿಲ್ಲರೆ. ಡ್ರಾಯರಿನಲ್ಲಿ ಮುನ್ನೂರು ಇವೆ."

"ಹೆಂಡತೀನ ಕರಿ. ಇಬ್ಬರೂ ಹರೀತೀವಿ."

ತನಿಖೆ ಮುಗಿಯುವವರೆಗೆ ಎಂದು ಕಂಪನಿ ಅವನನ್ನು ಹಳೆಯ ಕೆಲಸಕ್ಕೆ ಹಾಕಿತು, ಅವನಿಗಿಂತ ಹದಿನೈದು ವರ್ಷ ಚಿಕ್ಕವನೊಬ್ಬನ ಕೈಕೆಳಗೆ. ಆ ರಾತ್ರಿಯೇ ಅವನಿಗೆ ಸುಖನಿದ್ದೆ ಬಂತು ಎಂದರೆ ಕಥೆ ಚೆನ್ನಾಗಿರುತ್ತದೆ, ಬರಲಿಲ್ಲ. ಮರುದಿನವೂ ಬರಲಿಲ್ಲ. ನಿಲ್ಲಿಸಿ ಎಂದರೂ ಎಲ್ಲ ಕಟ್ಟಡದವರೂ ನಿಲ್ಲಿಸಿರಲಿಲ್ಲ. ಜನ ಮೆಟ್ಟಿಲು ಹತ್ತಲೊಲ್ಲರು. ಕೆಲವರು ಬಾಗಿಲಿಗೆ ಕಟ್ಟಿದ ಎಚ್ಚರಿಕೆಯ ಚೀಟಿ ಕಿತ್ತು ಗುಂಡಿ ಒತ್ತುತ್ತಿದ್ದರು. ಫೋನು ಬಡಿದುಕೊಂಡಾಗಲೆಲ್ಲ ಅವನಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

ಹತ್ತನೆಯ ದಿನ ಅವನು ಒಂದು ಕಟ್ಟಡದ ನೆತ್ತಿಯ ಮೇಲೆ, ಚಕ್ರದ ಪಕ್ಕದಲ್ಲಿ, ಎರಡನೆಯ ಹಗ್ಗಕ್ಕೆ ಚಿಂದಿ ಸುತ್ತಿ ನಿಂತಿದ್ದಾಗ ಜೇಬಿನಲ್ಲಿ ಫೋನು ಅರಚಿತು. ಯಾವ ಕಟ್ಟಡ? ಎಷ್ಟು ಜನ? ಎಡಗೈ ಜೇಬಿಗೆ ಹೋಗಲು ಹವಣಿಸಿತು. ಬಲಗೈಯಲ್ಲಿ ಹಗ್ಗ ಜಾರುತ್ತಿತ್ತು. ಗಮನ ಒಂದು ಗೇಣು ತಪ್ಪಿದರೂ ಆ ಗೇಣಿನಲ್ಲೇ ಮುಳ್ಳಿರಬಹುದು. ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಅವನು ಬೆವರುತ್ತ, ದೇವರ ಹೆಸರು ಹೇಳುತ್ತ, ಹಗ್ಗದ ಕೊನೆಯವರೆಗೂ ಚಿಂದಿ ಬಿಡಲಿಲ್ಲ.

ಬಟ್ಟೆ ಬಿಚ್ಚಿ ನೋಡಿದ. ಕರಿ ಗ್ರೀಸು, ಒಂದು ನೂಲೂ ಎದ್ದಿರಲಿಲ್ಲ. ಆಮೇಲೆ ಫೋನು ತೆಗೆದ.

"ಎಷ್ಟು ಹೊತ್ತು ಕಣ್ರೀ ಎತ್ತೋಕೆ? ನನ್ನ ಜೀವ ಹೋಗಿ ಬಂತು," ಅಂದಳು ಹೆಂಡತಿ. "ಚಿಂದಿ ಇನ್ನೂರು ಆಯ್ತು, ಕಟ್ಟಿಟ್ಟಿದೀವಿ ಅಂತ ಹೇಳು ಅಂದ್ರು ನಿಮ್ಮ ಅತ್ತಿಗೆ."

ಅವನು ಬೆವರು ಒರೆಸಿಕೊಂಡು, "ಸರಿ," ಅಂದ. ಫೋನು ಜೇಬಿಗಿಟ್ಟು, ಇನ್ನೊಂದು ಚಿಂದಿ ತೆಗೆದು, ಮೂರನೆಯ ಹಗ್ಗದ ಕಡೆಗೆ ತಿರುಗಿದ. ಇನ್ನೂ ನೂರ ಎಂಬತ್ತೇಳು ಲಿಫ್ಟು ಉಳಿದಿದ್ದವು.